ರೀಫ್ ಟ್ಯಾಂಕ್ ಮೀನಿಗೆ ಪರಾವಲಂಬಿ ಕಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ಮೀನಿನ ಮೈಮೇಲೆ ಬಿಳಿ ಚುಕ್ಕೆ ಬಂದಿದೆ. ಈಗಲೇ ಯಾವ ಔಷಧಿ ಹಾಕಲಿ?

ಹವಳ ಇರುವ ಟ್ಯಾಂಕಿಗೆ, ಅಂದರೆ ರೀಫ್ ಟ್ಯಾಂಕಿಗೆ, ಏನೂ ಹಾಕಬೇಡಿ. ಮೊದಲು ಹತ್ತು ನಿಮಿಷ ಕೂತು ಮೀನನ್ನು ನೋಡಿ. ಉಸಿರಾಟ ಹೇಗಿದೆ? ಊಟ ಮಾಡುತ್ತಿದೆಯಾ? ಬೆಳಕಿಗೆ ಹೆದರಿ ಮೂಲೆ ಸೇರಿದೆಯಾ? ಕಲ್ಲಿಗೆ ಮೈ ಉಜ್ಜುತ್ತಿದೆಯಾ? ಫೋನಿನಲ್ಲಿ ಒಂದು ವಿಡಿಯೋ ಮಾಡಿಕೊಳ್ಳಿ. ನೀಲಿ ಲೈಟಲ್ಲಿ ಬೇಡ, ಬಿಳಿ ಲೈಟಲ್ಲಿ. ನೀಲಿ ಬೆಳಕಲ್ಲಿ ಆರೋಗ್ಯವಾಗಿರುವ ಮೀನೂ ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ, ಏನೋ ಇದ್ದರೂ ಮುಚ್ಚಿಹೋಗುತ್ತದೆ.

ನೀರಿನ ಮೇಲ್ಮೈ ಚೆನ್ನಾಗಿ ಕಲಕುವಂತೆ ಪಂಪ್ ತಿರುಗಿಸಿ, ಆಕ್ಸಿಜನ್ ಜಾಸ್ತಿಯಾಗಲಿ. ಪಕ್ಕದಲ್ಲಿ ಒಂದು ಖಾಲಿ ಟ್ಯಾಂಕ್ ಹೊಂದಿಸಲು ಶುರು ಮಾಡಿ. ಚಿಕಿತ್ಸೆ ನಡೆಯುವುದು ಅಲ್ಲಿ.

ಇದು ಇಕ್ಕಾ, ವೆಲ್ವೆಟ್ಟಾ, ಬೇರೇನಾದರೂನಾ? ಹೇಗೆ ಗೊತ್ತಾಗುತ್ತದೆ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದೇ. ಒಂದಕ್ಕೆ ಕೆಲಸ ಮಾಡುವ ಔಷಧಿ ಇನ್ನೊಂದಕ್ಕೆ ಮಾಡುವುದಿಲ್ಲ.

ಉಪ್ಪುನೀರಿನ ಇಕ್ ಅಂದರೆ ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್ ಎಂಬ ಪರಾವಲಂಬಿ. ಚುಕ್ಕೆಗಳನ್ನು ಎಣಿಸಬಹುದು. ರೆಕ್ಕೆಯ ಮೇಲೆ, ಮೈಮೇಲೆ ಒಂದಿಷ್ಟು ರವೆ ಉದುರಿಸಿದ ಹಾಗೆ ಕಾಣುತ್ತದೆ. ಪಾರದರ್ಶಕ ರೆಕ್ಕೆಯ ಮೇಲೆ ಬೇಗ ಕಣ್ಣಿಗೆ ಬೀಳುತ್ತದೆ. ಇವತ್ತು ಹತ್ತು ಚುಕ್ಕೆ, ನಾಳಿದ್ದು ಎರಡು, ವಾರ ಕಳೆದರೆ ಐವತ್ತು, ಹೀಗೆ ಬಂದು ಹೋಗಿ ಮಾಡುತ್ತದೆ. ಶುರುವಿನಲ್ಲಿ ಮೀನು ಸಾಮಾನ್ಯವಾಗಿ ತಿನ್ನುತ್ತಲೇ ಇರುತ್ತದೆ.

ವೆಲ್ವೆಟ್, ಅಂದರೆ ಅಮೈಲೋಡಿನಿಯಂ, ಬಹಳ ಅವಸರದ್ದು. ಚುಕ್ಕೆಗಳು ತೀರಾ ಸಣ್ಣ, ಧೂಳು ಕೂತ ಹಾಗೆ, ಎಣಿಸಲು ಆಗುವುದಿಲ್ಲ. ಆದರೆ ಧೂಳು ಕಾಣಲಿ ಅಂತ ಕಾಯಬೇಡಿ. ಅದು ಮೊದಲು ಹಿಡಿಯುವುದು ಕಿವಿರನ್ನು. ಮೈ ಪೂರ್ತಿ ಶುಭ್ರವಾಗಿದ್ದರೂ ಮೀನು ಏದುಸಿರು ಬಿಡುತ್ತಿದ್ದರೆ, ಪಂಪಿನ ಹರಿವಿಗೆ ಮುಖ ಕೊಟ್ಟು ಅಲ್ಲೇ ನಿಂತುಬಿಟ್ಟಿದ್ದರೆ, ನಿನ್ನೆವರೆಗೆ ಓಡಿಬಂದು ತಿನ್ನುತ್ತಿದ್ದದ್ದು ಇವತ್ತು ಊಟ ಬಿಟ್ಟಿದ್ದರೆ, ವೆಲ್ವೆಟ್ ಅಂತಲೇ ನಡೆದುಕೊಳ್ಳಿ. ಎರಡು ಮೂರು ದಿನದಲ್ಲಿ ಟ್ಯಾಂಕ್ ಖಾಲಿಯಾಗಬಹುದು.

ಬ್ರೂಕ್ಲಿನೆಲ್ಲಾ ಹೆಚ್ಚಾಗಿ ಕಾಡುವುದು ಕ್ಲೌನ್ ಮೀನನ್ನು, ಅದರಲ್ಲೂ ಸಮುದ್ರದಿಂದ ಹಿಡಿದು ತಂದದ್ದನ್ನು. ಇಲ್ಲಿ ಚುಕ್ಕೆಗಿಂತ ಲೋಳೆ ಮುಖ್ಯ. ಮೈಯಿಂದ ಬಿಳಿ ಲೋಳೆ ಪದರ ಪದರವಾಗಿ ಸುಲಿದು ನೇತಾಡುತ್ತದೆ, ಬಣ್ಣ ಮಾಸುತ್ತದೆ.

ಯುರೋನಿಮಾ ಬಂದರೆ ಮೈ ಪಕ್ಕದಲ್ಲಿ ಕೆಂಪು ಗಾಯ, ರಕ್ತ ಹೆಪ್ಪುಗಟ್ಟಿದಂಥ ಕಲೆ. ಹಸಿರು ಕ್ರೋಮಿಸ್ ಮೀನುಗಳ ಗುಂಪಿನಲ್ಲಿ ಒಂದೊಂದಾಗಿ ಸಾಯುತ್ತಿವೆ ಅಂದರೆ ಮೊದಲ ಅನುಮಾನ ಇದರ ಮೇಲೆ.

ಫ್ಲೂಕ್ ಅಂದರೆ ಚಪ್ಪಟೆ ಹುಳು. ಕಣ್ಣು ಮಂಜಾಗುತ್ತದೆ, ಮೀನು ತಲೆ ಕೊಡವುತ್ತದೆ, ಮೈ ಉಜ್ಜುತ್ತದೆ, ಕಿವಿರಿನ ಒಂದು ಬದಿ ಮುಚ್ಚಿಕೊಂಡು ಇನ್ನೊಂದರಲ್ಲೇ ಉಸಿರಾಡುತ್ತದೆ. ಹುಳು ಹೆಚ್ಚುಕಡಿಮೆ ಪಾರದರ್ಶಕ, ಮೈಮೇಲೆ ಇದ್ದರೂ ಕಾಣುವುದಿಲ್ಲ.

ಹಳದಿ ಟ್ಯಾಂಗ್ ಮೀನಿನ ಮೈಮೇಲೆ ಕಪ್ಪು ಚುಕ್ಕೆ ಇದ್ದರೆ ಅದೂ ಒಂದು ಬಗೆಯ ಚಪ್ಪಟೆ ಹುಳುವೇ. ಕಪ್ಪು ಇಕ್ ಅಂತ ಕರೆದರೂ ಇಕ್‌ಗೂ ಅದಕ್ಕೂ ಸಂಬಂಧವಿಲ್ಲ. ರೆಕ್ಕೆಯ ಅಂಚಿನಲ್ಲಿ ಹೂಕೋಸಿನಂತೆ ಗಂಟು ಬೆಳೆದಿದ್ದರೆ ಅದು ಲಿಂಫೋಸಿಸ್ಟಿಸ್, ವೈರಸ್. ಔಷಧಿ ಬೇಡ. ಒಳ್ಳೆಯ ಊಟ, ಒಳ್ಳೆಯ ನೀರು ಕೊಡಿ, ಸಾಮಾನ್ಯವಾಗಿ ತಾನೇ ಉದುರುತ್ತದೆ.

ನಾಲ್ಕೇ ದಿನದಲ್ಲಿ ಚುಕ್ಕೆ ತಾನಾಗಿ ಮಾಯವಾಯಿತು. ವಾಸಿಯಾಯಿತು ಅಲ್ವಾ?

ಇಲ್ಲ. ಇಲ್ಲೇ ಹೆಚ್ಚಿನವರು ಮೋಸ ಹೋಗುವುದು. ಇಕ್ ಮೀನಿನ ಚರ್ಮದ ಒಳಗೆ ಕೂತು ಮೂರರಿಂದ ಏಳು ದಿನ ತಿನ್ನುತ್ತದೆ. ಹೊಟ್ಟೆ ತುಂಬಿದ ಮೇಲೆ, ಹೆಚ್ಚಾಗಿ ಕತ್ತಲಲ್ಲಿ, ಉದುರಿ ಕೆಳಗೆ ಬೀಳುತ್ತದೆ. ಮರಳಿನಲ್ಲೋ, ಕಲ್ಲಿನ ಮೇಲೋ, ಬಸವನ ಹುಳುವಿನ ಚಿಪ್ಪಿನ ಮೇಲೋ ಅಂಟಿಕೊಂಡು ಸುತ್ತ ಗಟ್ಟಿ ಕೋಶ ಕಟ್ಟಿಕೊಳ್ಳುತ್ತದೆ. ಒಳಗೆ ಒಂದು ನೂರಾರಾಗಿ ಒಡೆಯುತ್ತದೆ. ಮರಿಗಳು ಹೊರಬಂದ ಮೇಲೆ ಒಂದೆರಡು ದಿನದೊಳಗೆ ಮೀನು ಸಿಗಬೇಕು, ಇಲ್ಲದಿದ್ದರೆ ಸಾಯುತ್ತವೆ. ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ ಮೀನು ಸಿಗದೇ ಇರುತ್ತದಾ?

ಅಂದರೆ ಚುಕ್ಕೆ ಮಾಯವಾದ ದಿನ ರೋಗ ಟ್ಯಾಂಕಿನ ನೆಲಕ್ಕೆ ಇಳಿದಿದೆ, ಅಷ್ಟೆ. ಅದೇ ಹೊತ್ತಿಗೆ ಯಾವುದೋ ಬಾಟಲಿ ಹಾಕಿದ್ದರೆ ಪೂರ್ತಿ ಹೆಸರು ಆ ಬಾಟಲಿಗೆ ಹೋಗುತ್ತದೆ.

ಇನ್ನೊಂದು ಮಾತು. ಬಹುತೇಕ ಎಲ್ಲ ಔಷಧಿಯೂ ನೀರಿನಲ್ಲಿ ಈಜುತ್ತಿರುವ ಮರಿಯನ್ನು ಮಾತ್ರ ಕೊಲ್ಲುತ್ತದೆ. ಚರ್ಮದೊಳಗೆ ಇರುವಾಗ, ಕೋಶದೊಳಗೆ ಇರುವಾಗ ಏನೂ ನಾಟುವುದಿಲ್ಲ. ಅದಕ್ಕೇ ಚಿಕಿತ್ಸೆ ವಾರಗಟ್ಟಲೆ ಹಿಡಿಯುತ್ತದೆ.

ಸಿಹಿನೀರಿನ ಮೀನಿಗೆ ಹೀಟರ್ ಏರಿಸಿ, ಉಪ್ಪು ಹಾಕಿ ಇಕ್ ವಾಸಿ ಮಾಡುತ್ತಿದ್ದೆ. ಇಲ್ಲಿ ಆಗಲ್ವಾ?

ಆಗುವುದಿಲ್ಲ. ಹೆಸರು ಒಂದೇ, ಜೀವಿ ಬೇರೆ. ಉಪ್ಪುನೀರಿನ ಇಕ್‌ಗೆ ಬಿಸಿ ಮಾಡಿದರೆ ಚಕ್ರ ಇನ್ನೂ ವೇಗವಾಗಿ ತಿರುಗುತ್ತದೆ, ನೀರಿನಲ್ಲಿ ಆಕ್ಸಿಜನ್ ಬೇರೆ ಕಡಿಮೆಯಾಗುತ್ತದೆ. ಉಪ್ಪಂತೂ ಅದರ ಮನೆಯೇ.

ಹವಳಕ್ಕೆ ತೊಂದರೆ ಇಲ್ಲದ ‘ರೀಫ್ ಸೇಫ್’ ಔಷಧಿ ಇದೆ ಅಂತಾರಲ್ಲ?

ಮಾರಾಟಕ್ಕಿವೆ. ಇಕ್, ವೆಲ್ವೆಟ್ ವಾಸಿ ಮಾಡುವಂಥದ್ದು ಮಾತ್ರ ಇಲ್ಲ. ಯೋಚಿಸಿ ನೋಡಿ: ಇಕ್ ಮರಿಯನ್ನು ಕೊಲ್ಲುವಷ್ಟು ಖಾರ ಇರುವ ವಸ್ತು ಹವಳ, ಸಿಗಡಿ, ಕಲ್ಲಿನೊಳಗಿನ ಸಣ್ಣ ಜೀವಿಗಳನ್ನು ಬಿಡುತ್ತದಾ? ಬೆಳ್ಳುಳ್ಳಿ ರಸದಲ್ಲಿ ಅದ್ದಿದ ಊಟ ಮೀನಿಗೆ ರುಚಿಸಬಹುದು, ಹಸಿವು ಕೆರಳಬಹುದು. ಅಷ್ಟಕ್ಕೆ ಸರಿ. ಕ್ಲೀನರ್ ಸಿಗಡಿ ಮೀನಿನ ಮೈ ಕೆರೆಯುವುದು ನೋಡಲು ಚೆಂದ, ಆದರೆ ಚರ್ಮದ ಒಳಗಿರುವ ಇಕ್ ಅದರ ಕೈಗೆ ಸಿಗುವುದಿಲ್ಲ.

ಫ್ಲೂಕ್‌ಗೆ ಹಾಕುವ ಪ್ರಾಜಿಕ್ವಾಂಟೆಲ್ ಒಂದನ್ನು ಹವಳ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಅಲ್ಲೂ ಕೊಳವೆ ಹುಳುಗಳು ಸಾಯುತ್ತವೆ.

ಚಿಕಿತ್ಸೆ ಟ್ಯಾಂಕಿಗೆ ಏನೇನು ಬೇಕು? ಮನೆಯಲ್ಲಿ ಜಾಗ ಇಲ್ಲ.

ಎರಡು ಕ್ಲೌನ್ ಮೀನಿಗೆ 40 ಲೀಟರ್ ಸಾಕು, ಟ್ಯಾಂಗ್ ಇದ್ದರೆ 100 ಲೀಟರ್ ಮೇಲಿರಲಿ. ದೊಡ್ಡ ಪ್ಲಾಸ್ಟಿಕ್ ಡಬ್ಬವೂ ನಡೆಯುತ್ತದೆ. ಏರ್ ಪಂಪ್, ಸ್ಪಾಂಜ್ ಫಿಲ್ಟರ್, ಹೀಟರ್, ಅಡಗಲು ಹಾರ್ಡ್‌ವೇರ್ ಅಂಗಡಿಯ ಪಿವಿಸಿ ಎಲ್ಬೋ ನಾಲ್ಕಾರು, ಹಾರಿ ಹೋಗದಂತೆ ಮೇಲೊಂದು ಬಲೆ. ಮರಳು, ಕಲ್ಲು ಬೇಡ. ಇಕ್, ವೆಲ್ವೆಟ್‌ಗೆ ಔಷಧಿಯಾಗಿ ಹಾಕುವ ತಾಮ್ರವನ್ನು ಅವು ಹೀರಿಕೊಳ್ಳುತ್ತವೆ.

ಇಲ್ಲಿ ಮೀನನ್ನು ಕೊಲ್ಲುವುದು ರೋಗಕ್ಕಿಂತ ಜಾಸ್ತಿ ಅಮೋನಿಯಾ. ಕಲ್ಲಿಲ್ಲದ ಟ್ಯಾಂಕಿನಲ್ಲಿ ಅದನ್ನು ಅರಗಿಸುವ ಬ್ಯಾಕ್ಟೀರಿಯಾ ಇರುವುದಿಲ್ಲ. ಆದ್ದರಿಂದ ಎಲ್ಲ ಸರಿಯಿರುವಾಗಲೇ ಸಂಪ್‌ನಲ್ಲಿ (ಅಕ್ವೇರಿಯಂ ಕೆಳಗಿನ ಫಿಲ್ಟರ್ ತೊಟ್ಟಿಯಲ್ಲಿ) ಒಂದು ಸ್ಪಾಂಜ್ ಎಸೆದಿಟ್ಟಿರಿ, ತಿಂಗಳಾದ ಮೇಲೆ ಅದು ಸಿದ್ಧ ಫಿಲ್ಟರ್. ಅದಿಲ್ಲದಿದ್ದರೆ ದಿನಾ ಅಮೋನಿಯಾ ಟೆಸ್ಟ್ ಮಾಡಿ, ನೀರು ಬದಲಿಸಿ. ಆದರೆ ತಾಮ್ರ ಹಾಕಿದ ನೀರಿಗೆ ಅಮೋನಿಯಾ ಕಟ್ಟಿಹಾಕುವ ಕಂಡೀಷನರ್ ಸುರಿಯಬೇಡಿ. ಕೆಲವು ತಾಮ್ರದ ಜೊತೆ ಸೇರಿ ಅದನ್ನು ಇನ್ನೂ ವಿಷವಾಗಿಸುತ್ತವೆ.

ಜಾಗದ ವಿಷಯ: ಡಿಸ್‌ಪ್ಲೇ ಟ್ಯಾಂಕಿನಿಂದ, ಅಂದರೆ ಹವಳ ಇರುವ ಮುಖ್ಯ ಟ್ಯಾಂಕಿನಿಂದ, ಕನಿಷ್ಠ ಹತ್ತು ಅಡಿ ದೂರ ಇಡಿ. ವೆಲ್ವೆಟ್ ಮರಿಗಳು ಗುಳ್ಳೆ ಒಡೆದು ಹಾರುವ ತುಂತುರಿನಲ್ಲಿ ಸಾಗಬಲ್ಲವು. ಬಲೆ, ಬಕೆಟ್, ಪೈಪ್ ಎಲ್ಲ ಬೇರೆ ಬೇರೆ. ಕೈ ತೊಳೆದು ಒರೆಸಿಕೊಂಡು ಇನ್ನೊಂದಕ್ಕೆ ಹಾಕಿ. ಕರೆಂಟ್ ಹೋಗುವ ಏರಿಯಾ ಆದರೆ ಬ್ಯಾಟರಿ ಏರ್ ಪಂಪ್ ಒಂದು ಇರಲೇಬೇಕು, ಕಿವಿರು ಹಾಳಾದ ಮೀನಿಗೆ ಅರ್ಧ ಗಂಟೆಯೂ ದೊಡ್ಡದು.

ತಾಮ್ರ ಎಷ್ಟು ಹಾಕಬೇಕು? ಎಷ್ಟು ದಿನ?

ಎರಡು ಬಗೆ ಇವೆ. ಕೀಲೇಟೆಡ್ ತಾಮ್ರ, ಅಂದರೆ ಬೇರೆ ವಸ್ತುವಿಗೆ ಕಟ್ಟಿಹಾಕಿದ್ದು (ಕಾಪರ್ ಪವರ್ ತರಹದ್ದು), ಲೀಟರಿಗೆ 2.0ರಿಂದ 2.5 ಮಿಲಿಗ್ರಾಂ ಮಟ್ಟದಲ್ಲಿರಬೇಕು. ಕ್ಯುಪ್ರಮೈನ್ ತರಹದ್ದಕ್ಕೆ 0.5 ಮಿಲಿಗ್ರಾಂ. ಒಂದರ ಅಳತೆ ಇನ್ನೊಂದಕ್ಕೆ ಹಿಡಿದರೆ ಒಂದೋ ಮೀನು ಸಾಯುತ್ತದೆ, ಇಲ್ಲ ರೋಗ ಉಳಿಯುತ್ತದೆ. ಹೊಸಬರಿಗೆ ಮೊದಲನೆಯದೇ ಸಲೀಸು, ಮೀನು ಚೆನ್ನಾಗಿ ತಡೆದುಕೊಳ್ಳುತ್ತದೆ.

ಲೆಕ್ಕ ಹಾಕುವಾಗ ಟ್ಯಾಂಕಿನ ಮೇಲೆ ಬರೆದ ಲೀಟರ್ ನಂಬಬೇಡಿ. ಬಕೆಟಿನಲ್ಲಿ ಅಳೆದು ಸುರಿದ ನೀರು ಎಷ್ಟೋ ಅಷ್ಟೇ. 60 ಲೀಟರ್ ನೀರನ್ನು 2.5ಕ್ಕೆ ತರಲು 150 ಮಿಲಿಗ್ರಾಂ ತಾಮ್ರ ಬೇಕು. ಇದನ್ನು ಒಂದೇ ಸಲ ಸುರಿಯದೆ ಎರಡು ದಿನದಲ್ಲಿ ಹಂತ ಹಂತವಾಗಿ ಏರಿಸಿ. ವೆಲ್ವೆಟ್ ಅನುಮಾನ ಇದ್ದರೆ ಅಷ್ಟು ನಿಧಾನ ಮಾಡುವಂತಿಲ್ಲ.

ಮಟ್ಟ ಮುಟ್ಟಿದ ದಿನದಿಂದ ಎಣಿಸಿ 30 ದಿನ. ಮಧ್ಯೆ ಒಂದು ದಿನ ಕೆಳಗಿಳಿದರೂ ಎಣಿಕೆ ಮೊದಲಿನಿಂದ. 14 ದಿನ ಸರಿಯಾದ ಮಟ್ಟದಲ್ಲಿಟ್ಟು, ಆಮೇಲೆ ಪೂರ್ತಿ ಬೇರೆ, ಒಣಗಿಸಿದ ಟ್ಯಾಂಕಿಗೆ ಮೀನನ್ನು ದಾಟಿಸುವ ದಾರಿಯೂ ಇದೆ. ಮೈಮೇಲಿನದ್ದು ಉದುರಿ ಹಳೆಯ ಟ್ಯಾಂಕಿನಲ್ಲೇ ಉಳಿಯುತ್ತದೆ, ಹೊಸದಾಗಿ ಅಂಟಲು ತಾಮ್ರ ಬಿಟ್ಟಿರುವುದಿಲ್ಲ.

ತಾಮ್ರದ ಟೆಸ್ಟ್ ಕಿಟ್ ದುಬಾರಿ. ಅದಿಲ್ಲದೆ ಆಗುತ್ತದಾ?

ಆಗುವುದಿಲ್ಲ. ಬಣ್ಣದ ಕಾರ್ಡಿಗೆ ಹೋಲಿಸಿ ನೋಡುವ ಕಿಟ್‌ನಲ್ಲಿ 1.5ಕ್ಕೂ 2.5ಕ್ಕೂ ವ್ಯತ್ಯಾಸ ಹಿಡಿಯುವುದೇ ಕಷ್ಟ. ಹ್ಯಾನಾ ಕಂಪನಿಯ ಹೈ ರೇಂಜ್ ಕಾಪರ್ ಚೆಕರ್ ಅಂಕಿಯಲ್ಲೇ ತೋರಿಸುತ್ತದೆ. ನಿಮ್ಮ ಊರಿನ ಇಬ್ಬರು ಮೂವರು ಹವ್ಯಾಸಿಗಳು ಸೇರಿ ಒಂದು ಕೊಂಡರೂ ಸಾಕು.

ನೀರು ಆವಿಯಾದರೆ ಬರೀ ಆರ್‌ಒ ನೀರು ಸೇರಿಸಿ, ತಾಮ್ರ ಆವಿಯಾಗುವುದಿಲ್ಲ. ನೀರು ಬದಲಿಸಿದರೆ ಮಾತ್ರ ಹೊಸ ನೀರಿಗೂ ಅದೇ ಪ್ರಮಾಣದ ತಾಮ್ರ ಬೆರೆಸಿ. ಫಿಲ್ಟರ್‌ನಲ್ಲಿ ಕಾರ್ಬನ್ ಇದ್ದರೆ ತೆಗೆಯಿರಿ, ಹಾಕಿದ್ದೆಲ್ಲ ಅದೇ ನುಂಗುತ್ತದೆ.

ತಾಮ್ರ ತಡೆಯದ ಮೀನುಗಳಿಗೆ ಏನು ಮಾಡೋದು?

ಮ್ಯಾಂಡರಿನ್, ಈಲ್, ಶಾರ್ಕ್, ರೇ ಜಾತಿಗಳಿಗೆ ತಾಮ್ರ ಬೇಡ. ಇಕ್ ಆದರೆ ಟ್ಯಾಂಕ್ ಬದಲಿಸುವ ವಿಧಾನ ಇದೆ, ಒಂದು ಹನಿ ಔಷಧಿ ಬೇಕಿಲ್ಲ. ಎರಡು ಟ್ಯಾಂಕ್ ಇಟ್ಟುಕೊಳ್ಳಿ. ಪ್ರತಿ 72 ಗಂಟೆಯೊಳಗೆ ಮೀನನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸಿ, ಹಳೆಯ ನೀರು ಆದಷ್ಟು ಕಡಿಮೆ ಹೋಗಲಿ. ಒಟ್ಟು ನಾಲ್ಕು ಸಲ. ಬಿಟ್ಟುಬಂದ ಟ್ಯಾಂಕ್, ಪಂಪ್, ಪೈಪ್ ಎಲ್ಲ ತೊಳೆದು ಬಿಸಿಲಲ್ಲಿ ಖಡಕ್ಕಾಗಿ ಒಣಗಿಸಿ. ಕೋಶ ಒಡೆಯಲು ಕನಿಷ್ಠ ಮೂರು ದಿನ ಬೇಕು, ಅದು ಒಡೆಯುವ ಮುಂಚೆ ಮೀನು ಜಾಗ ಖಾಲಿ ಮಾಡಿರುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾದ ವಿಧಾನ ಇದು. ವೆಲ್ವೆಟ್‌ಗೆ ಮಾತ್ರ ನಂಬುವಂತಿಲ್ಲ.

ಉಪ್ಪು ಇಳಿಸುವ ಚಿಕಿತ್ಸೆ ಹೇಗೆ?

ಮಾಮೂಲಿ 1.025 ಇರುವ ಸಾಂದ್ರತೆಯನ್ನು ಒಂದೆರಡು ದಿನದಲ್ಲಿ 1.009ಕ್ಕೆ ಇಳಿಸಿ, 30 ದಿನ ಅಲ್ಲೇ ಇಡುವುದು. ಮೀನಿಗೆ ಕಷ್ಟವಿಲ್ಲ, ಇಕ್ ಕೋಶಗಳು ಒಡೆದು ಸಾಯುತ್ತವೆ. ಆದರೆ 1.011 ಆದರೂ ಕೆಲಸ ಕೆಡುತ್ತದೆ. ಆದ್ದರಿಂದ ರಿಫ್ರ್ಯಾಕ್ಟೋಮೀಟರ್ ಬೇಕು, ಮುಳ್ಳು ಓಡಾಡುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಬೇಡ. ಪಿಎಚ್ ಇಳಿಯುತ್ತದೆ, ಅಡುಗೆ ಸೋಡಾದಿಂದ ಸರಿಮಾಡಿ. ಇಳಿಸುವುದು ಸುಲಭ, ಏರಿಸುವಾಗ ವಾರ ತೆಗೆದುಕೊಳ್ಳಿ. ಇದಕ್ಕೂ ಬಗ್ಗದ ಇಕ್ ತಳಿಗಳಿವೆ. ವೆಲ್ವೆಟ್‌ಗೆ ಇದು ಲೆಕ್ಕಕ್ಕೇ ಇಲ್ಲ.

ವೆಲ್ವೆಟ್ ಅಂತ ಖಚಿತವಾಯಿತು. ರಾತ್ರಿ ಹತ್ತು ಗಂಟೆ. ಏನು ಮಾಡಲಿ?

ಬೆಳಿಗ್ಗೆವರೆಗೆ ಕಾಯಬೇಡಿ. ಎಲ್ಲ ಮೀನನ್ನೂ ತೆಗೆಯಬೇಕು, ಚೆನ್ನಾಗಿ ಕಾಣುವುದನ್ನೂ. ಮೊದಲು ಐದು ನಿಮಿಷ ಸಿಹಿನೀರಿನ ಸ್ನಾನ ಮಾಡಿಸಿ, ಕಿವಿರಿನ ಮೇಲಿನ ಒಂದಷ್ಟು ಉದುರಿ ಉಸಿರಾಟ ಸ್ವಲ್ಪ ಹಗುರಾಗುತ್ತದೆ. ಅಲ್ಲಿಂದ ನೇರ ತಾಮ್ರದ ಟ್ಯಾಂಕಿಗೆ. ಸ್ನಾನವೇ ಚಿಕಿತ್ಸೆ ಅಂದುಕೊಂಡು ವಾಪಸ್ ಡಿಸ್‌ಪ್ಲೇಗೆ ಬಿಟ್ಟರೆ ಎರಡು ದಿನಕ್ಕೆ ಮತ್ತೆ ಅದೇ ಕಥೆ. ಒಂದೊಂದು ವೆಲ್ವೆಟ್ ಕೋಶದಿಂದ 256ರವರೆಗೆ ಮರಿ ಬರುತ್ತವೆ. ಲೈಟ್ ಆರಿಸಿ, ಗಾಳಿ ಜೋರಾಗಿ ಬಿಡಿ.

ಕ್ಲೋರೋಕ್ವಿನ್ ಫಾಸ್ಫೇಟ್ ಕೂಡ ವೆಲ್ವೆಟ್‌ಗೆ ಚೆನ್ನಾಗಿ ಕೆಲಸ ಮಾಡುತ್ತದೆ, ದೊಡ್ಡ ಸಾರ್ವಜನಿಕ ಅಕ್ವೇರಿಯಂಗಳು ಬಳಸುತ್ತವೆ. ಆದರೆ ನೀರಿನಲ್ಲಿ ಎಷ್ಟು ಉಳಿದಿದೆ ಅಂತ ಮನೆಯಲ್ಲಿ ಅಳೆಯಲಾಗದು, ಬೆಳಕಿಗೆ ಕೆಡುತ್ತದೆ, ಕೆಲವು ರಾಸ್ ಮೀನಿಗೆ ಒಗ್ಗುವುದಿಲ್ಲ. ಮೆಡಿಕಲ್ ಶಾಪಿನ ಮಾತ್ರೆ ಪುಡಿಮಾಡಿ ಹಾಕುವ ಸಾಹಸ ಬೇಡ. ಮೀನಿನ ಅನುಭವ ಇರುವ ಪಶುವೈದ್ಯರು ಸಿಕ್ಕರೆ ಅವರನ್ನು ಕೇಳಿ.

ಸಿಹಿನೀರಿನ ಸ್ನಾನ ಮಾಡಿಸುವುದು ಹೇಗೆ? ಮೀನು ಸಾಯಲ್ವಾ?

ಸರಿಯಾಗಿ ಮಾಡಿದರೆ ಸಾಯುವುದಿಲ್ಲ. ಬಿಳಿ ಬಣ್ಣದ ಬಕೆಟ್‌ಗಿಂತ ಕಪ್ಪು ಅಥವಾ ಗಾಢ ಬಣ್ಣದ್ದು ತೆಗೆದುಕೊಳ್ಳಿ, ಯಾಕೆ ಅಂತ ಈಗ ಹೇಳುತ್ತೇನೆ. ಆರ್‌ಒ ನೀರು ತುಂಬಿ, ಟ್ಯಾಂಕಿನಷ್ಟೇ ಬೆಚ್ಚಗೆ ಮಾಡಿ. ಸ್ವಲ್ಪ ಅಡುಗೆ ಸೋಡಾ ಕರಗಿಸಿ ಪಿಎಚ್ 8.2ರ ಹತ್ತಿರ ತನ್ನಿ. ಅರ್ಧ ಗಂಟೆ ಏರ್ ಸ್ಟೋನ್ ಓಡಲಿ. ಆಮೇಲೆ ಮೀನನ್ನು ಬಿಡಿ.

ಮೊದಲ ನಿಮಿಷ ಗಾಬರಿಯಾಗಿ ಓಡುತ್ತದೆ, ಕೆಲವು ತಳದಲ್ಲಿ ವಾಲಿಕೊಂಡು ಮಲಗುತ್ತವೆ. ಟ್ಯಾಂಗ್ ಮೀನುಗಳಿಗೆ ನಾಟಕ ಜಾಸ್ತಿ. ಉಸಿರಾಡುತ್ತಿರುವವರೆಗೆ ಐದು ನಿಮಿಷ ಬಿಡಿ. ಉಸಿರು ನಿಂತಂತೆ ಕಂಡರೆ ತಕ್ಷಣ ಉಪ್ಪುನೀರಿಗೆ. ಫ್ಲೂಕ್ ಇದ್ದರೆ ಪಾರದರ್ಶಕ ಹುಳುಗಳು ನಿಮ್ಮ ಕಣ್ಣೆದುರೇ ಬೆಳ್ಳಗೆ ತಿರುಗಿ, ಎರಡು ಮೂರು ಮಿಲಿಮೀಟರ್‌ನ ಚಪ್ಪಟೆ ಚೂರುಗಳಾಗಿ ಉದುರಿ ತಳದಲ್ಲಿ ಕೂರುತ್ತವೆ. ಕಪ್ಪು ಬಕೆಟ್ ಬೇಕಾದದ್ದು ಇದಕ್ಕೆ. ಸಾಬೀತಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಮನೆಯಲ್ಲಿ ಇಲ್ಲ.

ಉದುರಿದವು ಕಂಡರೆ ಪ್ರಾಜಿಕ್ವಾಂಟೆಲ್ ಲೀಟರಿಗೆ 2.5 ಮಿಲಿಗ್ರಾಂ. ಅದು ಮೊಟ್ಟೆಗಳನ್ನು ಕೊಲ್ಲುವುದಿಲ್ಲ, ಹಾಗಾಗಿ ಐದರಿಂದ ಏಳು ದಿನಕ್ಕೆ ಇನ್ನೊಂದು ಸಲ. ಎರಡನೆಯ ಡೋಸ್ ಬಿಟ್ಟವರಿಗೇ ಫ್ಲೂಕ್ ಮತ್ತೆ ಮತ್ತೆ ಬರುವುದು. ಇಕ್‌ಗೆ ಈ ಸ್ನಾನದಿಂದ ಪ್ರಯೋಜನವಿಲ್ಲ.

ಕ್ಲೌನ್ ಮೀನು ಲೋಳೆ ಸುಲಿಯುತ್ತಿದೆ. ತಾಮ್ರ ಹಾಕಿದರೂ ಕಡಿಮೆಯಾಗಿಲ್ಲ.

ಬ್ರೂಕ್ಲಿನೆಲ್ಲಾಗೆ ತಾಮ್ರ ನಾಟುವುದಿಲ್ಲ. ಫಾರ್ಮಾಲಿನ್ ಸ್ನಾನ ಬೇಕು, ಬಾಟಲಿಯಲ್ಲಿ ಹೇಳಿದ ಅಳತೆಯಲ್ಲಿ 30ರಿಂದ 60 ನಿಮಿಷ, ಗಾಳಿ ಜೋರಾಗಿ ಬಿಟ್ಟು. ಆಮೇಲೆ ಹೊಸ ಟ್ಯಾಂಕಿಗೆ, ಹಳೆಯದಕ್ಕೆ ವಾಪಸ್ ಬೇಡ. ಫಾರ್ಮಾಲಿನ್ ನಮಗೂ ವಿಷ, ಕ್ಯಾನ್ಸರ್ ತರುವ ವಸ್ತು. ಗ್ಲೌಸ್ ಹಾಕಿ, ಬಾಲ್ಕನಿಯಲ್ಲಿ ಮಾಡಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಬಾಟಲಿಯ ತಳದಲ್ಲಿ ಬಿಳಿ ಗಸಿ ಕಂಡರೆ ಆ ಬಾಟಲಿ ಬಳಸಬೇಡಿ.

ಕ್ಲೌನ್ ಕೊಳ್ಳುವಾಗಲೇ ಸಾಕಣೆಯಲ್ಲಿ ಹುಟ್ಟಿದ್ದನ್ನು ಕೇಳಿ ಕೊಳ್ಳಿ. ನಮ್ಮಲ್ಲೇ ಸಿಎಂಎಫ್‌ಆರ್‌ಐ (ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳು ಕ್ಲೌನ್ ಮರಿ ಮಾಡಿಸುವ ವಿಧಾನ ರೂಢಿಸಿದ್ದಾರೆ. ಅಂಥ ಮರಿಗಳಲ್ಲಿ ಈ ರೋಗ ಬಹಳ ಕಡಿಮೆ.

ಮೀನೆಲ್ಲ ಹೊರಗೆ ಬಂದವು. ಡಿಸ್‌ಪ್ಲೇ ಟ್ಯಾಂಕನ್ನು ಏನು ಮಾಡಲಿ?

ಏನೂ ಮಾಡಬೇಡಿ. ಒಂದೇ ಒಂದು ಮೀನೂ ಇಲ್ಲದೆ 76 ದಿನ ಬಿಡಿ. ಇಕ್ ಕೋಶ 72 ದಿನದವರೆಗೆ ಉಳಿದ ದಾಖಲೆ ಇದೆ, ಈ ಲೆಕ್ಕ ಬಂದದ್ದು ಅದರಿಂದ. ನೀರು 27 ಡಿಗ್ರಿಗಿಂತ ಕೆಳಗಿಳಿಯದಂತೆ ನೋಡಿಕೊಂಡರೆ 45 ದಿನ ಸಾಕು ಅಂತ ಈಗ ಅನೇಕರು ನಡೆಸುತ್ತಾರೆ. ಮಂಗಳೂರಿನಲ್ಲಿ ಅದಕ್ಕೆ ಹೀಟರೇ ಬೇಡ, ಡಿಸೆಂಬರ್‌ನ ಬೆಂಗಳೂರಲ್ಲಿ ಬೇಕೇ ಬೇಕು.

ಆ ಗೋಬಿ ಮೀನು ಚಿಕ್ಕದು, ಸಿಕ್ಕಲಿಲ್ಲ, ಇರಲಿ ಬಿಡಿ ಅಂದರೆ ಇಷ್ಟೂ ದಿನ ವ್ಯರ್ಥ. ಹವಳ, ಸಿಗಡಿ, ಬಸವನ ಹುಳು ಒಳಗೇ ಇರಲಿ, ಅವಕ್ಕೆ ಇಕ್ ತಗಲುವುದಿಲ್ಲ. ವಾರಕ್ಕೆರಡು ಸಲ ಚಿಟಿಕೆ ಊಟ ಹಾಕಿದರೆ ಬ್ಯಾಕ್ಟೀರಿಯಾವೂ ಬದುಕುತ್ತದೆ.

ಯುರೋನಿಮಾಗೆ ಮಾತ್ರ ಈ ಉಪಾಯ ನಡೆಯದು. ಅದು ಬ್ಯಾಕ್ಟೀರಿಯಾ ತಿಂದುಕೊಂಡು ಮೀನಿಲ್ಲದೆಯೂ ಬದುಕುತ್ತದೆ.

ಹೊಸ ಹವಳದ ಜೊತೆ ಇಕ್ ಬರುತ್ತದಾ?

ಬರಬಹುದು. ಹವಳದ ಮೈಗಲ್ಲ, ಅದು ಕೂತಿರುವ ಪ್ಲಗ್ ಎಂಬ ಪುಟ್ಟ ಬಿಲ್ಲೆಗೆ, ಚಿಪ್ಪಿಗೆ ಅಂಟಿದ ಕೋಶ. ಹವಳಕ್ಕೆ ಮಾಡುವ ಅಯೋಡಿನ್ ಸ್ನಾನಕ್ಕೆ ಅದು ಜಗ್ಗುವುದಿಲ್ಲ. ಮೀನಿಲ್ಲದ ಪುಟ್ಟ ಟ್ಯಾಂಕಿನಲ್ಲಿ ಅದೇ 76 ಅಥವಾ 45 ದಿನ ಇಡಿ. ಅಂದಹಾಗೆ, ನಮ್ಮ ಕಡಲಿನ ಗಟ್ಟಿ ಹವಳ ಮತ್ತು ಕಡಲ್ಗುದುರೆಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋದವರು ಒಂದು ಚೂರು ಕಲ್ಲೂ ತರಬಾರದು.

ನಾನಿರುವುದು ಮಂಗಳೂರಲ್ಲಿ. ಸಮುದ್ರದ ನೀರೇ ತಂದು ಹಾಕಬಹುದಾ?

ನೇತ್ರಾವತಿ, ಗುರುಪುರ ಹೊಳೆಗಳು ಸೇರುವ ಅಳಿವೆಯ ಹತ್ತಿರದ ನೀರು ಬೇಡ. ಮಳೆಗಾಲದಲ್ಲಿ ಅಲ್ಲಿ ಉಪ್ಪೇ ಇರುವುದಿಲ್ಲ, ಕೊಳಕು ಬೇರೆ. ಬೇರೆ ಕಡೆಯದ್ದು ತಂದರೂ ಬ್ಲೀಚ್ ಹಾಕಿ, ಕ್ಲೋರಿನ್ ಪೂರ್ತಿ ತೆಗೆದ ಮೇಲೆಯೇ ಬಳಸಿ. ಉಪ್ಪಿನ ಪ್ಯಾಕೆಟ್‌ನ ದುಡ್ಡು ಉಳಿಸಲು ಹೋಗಿ ಪರಾವಲಂಬಿಯನ್ನು ಮನೆಗೆ ಕರೆತರುವುದು ಯಾಕೆ?

ಯುವಿ ಲೈಟ್ ಹಾಕಿದರೆ ಸಾಕಾ? ಇಕ್ ಜೊತೆಗೇ ಬದುಕುವವರೂ ಇದ್ದಾರಲ್ಲ?

ಯುವಿ ಒಳಗೆ ಹಾದುಹೋದ ಮರಿ ಸಾಯುತ್ತದೆ. ಹಾದುಹೋಗದ್ದು ಬದುಕುತ್ತದೆ. ಸಂಖ್ಯೆ ತಗ್ಗುತ್ತದೆ, ಬೇರು ಉಳಿಯುತ್ತದೆ.

ಜೊತೆಗೆ ಬದುಕುವವರು ಇರುವುದು ನಿಜ. ಒಮ್ಮೆ ರೋಗ ಗೆದ್ದ ಮೀನಿಗೆ ಕೆಲ ತಿಂಗಳ ಮಟ್ಟಿಗೆ ಸ್ವಲ್ಪ ನಿರೋಧಕ ಶಕ್ತಿ ಬರುತ್ತದೆ. ದೊಡ್ಡ ಟ್ಯಾಂಕ್, ಕಡಿಮೆ ಮೀನು, ಗಟ್ಟಿಮುಟ್ಟಾದ ಜಾತಿಗಳಿದ್ದರೆ ವರ್ಷಗಟ್ಟಲೆ ನಡೆಯಬಹುದು. ಆದರೆ ಲಕ್ಷದ್ವೀಪದ ಹವಳ ದಿಬ್ಬಗಳಲ್ಲಿ ಕಾಣುವ ಪೌಡರ್ ಬ್ಲೂ ಟ್ಯಾಂಗ್‌ನಂಥ ಮೀನು ತಂದ ದಿನ ಗುಟ್ಟು ರಟ್ಟಾಗುತ್ತದೆ, ಇಕ್ ಹಿಡಿಯುವುದರಲ್ಲಿ ಅದು ಎಲ್ಲರಿಗಿಂತ ಮುಂದೆ. ಇನ್ನೂರು ಲೀಟರ್‌ನ ಟ್ಯಾಂಕಿಗೆ ಈ ದಾರಿ ನಾನು ಹೇಳುವುದಿಲ್ಲ.

ಅಂಗಡಿಯಲ್ಲಿ ವಾರಗಟ್ಟಲೆ ಚೆನ್ನಾಗಿತ್ತು. ಮನೆಗೆ ಬಂದ ಮೇಲೆ ಹೇಗೆ ಬಂತು?

ಎಷ್ಟೋ ಅಂಗಡಿಗಳ ನೀರಿನಲ್ಲಿ ಸಣ್ಣ ಪ್ರಮಾಣದ ತಾಮ್ರ ಇರುತ್ತದೆ. ರೋಗ ಅಡಗಿರುತ್ತದೆ, ಹೋಗಿರುವುದಿಲ್ಲ. ಅದಕ್ಕೇ ಹೊಸ ಮೀನು ಯಾವುದೇ ಆಗಲಿ ಒಂದು ತಿಂಗಳು ಬೇರೆ ಟ್ಯಾಂಕಿನಲ್ಲಿರಲಿ. ಕೊಳ್ಳುವ ಮುಂಚೆ ಊಟ ಹಾಕಿ ತೋರಿಸಿ ಅನ್ನಿ. ತಿನ್ನದ ಮೀನು ಬೇಡ.

ನನ್ನ ಕೈಗೆ ಇದು ಅಂಟುತ್ತದಾ?

ಇಕ್, ವೆಲ್ವೆಟ್, ಫ್ಲೂಕ್ ಮನುಷ್ಯರಿಗೆ ಬರುವುದಿಲ್ಲ. ಆದರೆ ಅಕ್ವೇರಿಯಂ ನೀರಿನಲ್ಲಿ ಮೈಕೋಬ್ಯಾಕ್ಟೀರಿಯಂ ಮರೈನಂ ಎಂಬ ಬ್ಯಾಕ್ಟೀರಿಯಾ ಇರಬಹುದು, ಅದು ಗಾಯದ ಮೂಲಕ ಚರ್ಮಕ್ಕೆ ಇಳಿಯುತ್ತದೆ. ಕೈ ಕೊಯ್ದುಕೊಂಡಿದ್ದರೆ ಗ್ಲೌಸ್ ಹಾಕಿ. ವಾರಗಟ್ಟಲೆ ಮಾಯದ ಗಂಟು ಬಂದರೆ ವೈದ್ಯರ ಹತ್ತಿರ ಅಕ್ವೇರಿಯಂ ಇದೆ ಅಂತ ಬಾಯಿಬಿಟ್ಟು ಹೇಳಿ.

ಕಲ್ಲಿನ ಮಧ್ಯೆ ಇರುವ ಮೀನನ್ನು ಹಿಡಿಯೋದೇ ಆಗ್ತಿಲ್ಲ!

ಬಲೆ ಹಿಡಿದು ಅಟ್ಟಿಸಿಕೊಂಡು ಹೋಗಬೇಡಿ, ನೀವೇ ಸುಸ್ತಾಗುತ್ತೀರಿ. ಅಕ್ರಿಲಿಕ್ ಬಲೆಪೆಟ್ಟಿಗೆ ಇಟ್ಟು ಒಂದೆರಡು ದಿನ ಅದರೊಳಗೇ ಊಟ ಹಾಕಿ, ಬಾಗಿಲು ತೆರೆದೇ ಇರಲಿ. ಮೂರನೆಯ ದಿನ ಹಸಿದ ಮೀನು ತಾನೇ ಒಳಗೆ ಬರುತ್ತದೆ. ಕೆಲವು ರಾಸ್ ಮೀನುಗಳು ಮರಳೊಳಗೆ ಮಲಗುತ್ತವೆ, ಲೈಟ್ ಆರಿದ ಮೇಲೆ ಎಲ್ಲಿ ಹೊಕ್ಕವು ಅಂತ ನೋಡಿಟ್ಟುಕೊಳ್ಳಿ. ವೆಲ್ವೆಟ್ ಆದರೆ ಇಷ್ಟೆಲ್ಲ ಸಮಯ ಇರುವುದಿಲ್ಲ. ನೀರನ್ನು ಡ್ರಮ್ಮಿಗೆ ಇಳಿಸಿ, ಕಲ್ಲುಗಳನ್ನು ಒಂದೊಂದಾಗಿ ಎತ್ತಿ, ಅರ್ಧ ಅಡಿ ನೀರಿನಲ್ಲಿ ಹಿಡಿಯಿರಿ. ಹವಳದ ಜೋಡಣೆ ಹಾಳಾಗುತ್ತದೆ, ಆಗಲಿ. ಮತ್ತೆ ಜೋಡಿಸಲು 76 ದಿನ ಇದೆ.